ಬಾಗಿಲು ಮುಂದೆ ಮಾಡಿ ಬರುವ ವಿದ್ಯೆ

ಕಾಕಾ ಹೋದ ಸುದ್ದಿ ಬಂದಾಗ ನಾನು ನಾಸಿಕ್‌ನ ಆಫೀಸಿನಲ್ಲಿ ಅವರದೇ ಕುರ್ಚಿಯಲ್ಲಿ ಕೂತಿದ್ದೆ. ಅವರು ಹದಿನೈದು ವರ್ಷ ನೋಡಿದ ಕಪ್ಪು ಪರದೆಯ ಮೇಲೆ ಒಂದು ಅಂಕಿ ಏರುವುದನ್ನು ನೋಡುತ್ತಿದ್ದೆ. ಫೋನ್ ಕೆಳಗಿಟ್ಟು ಮತ್ತೆ ಅದನ್ನೇ ನೋಡಿದೆ. ಅಳು ಬರಲಿಲ್ಲ, ಸುಸ್ತು ಬಂತು. ಈ ಕೆಲಸದಲ್ಲಿ ಇರುವವರಿಗೆ ಯಾವುದಕ್ಕೂ ಮೊದಲು ಬರುವುದು ಅದೇ.

ಅವರ ಹೆಸರು ಬೇಡ. ಆಫೀಸಿನ ಮರಾಠಿಯವರಿಗೂ ಅವರು ಕಾಕಾ, ನನಗೂ ಕಾಕಾ. ಅವರ ಊರು ಆಳಂದದ ಹತ್ತಿರ. ನಾನು ಹುಮನಾಬಾದಿನವಳು, ಮದುವೆಯಾಗಿ ನಾಸಿಕ್ ಸೇರಿದವಳು. ಇಡೀ ಆಫೀಸಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಹಾಗಂತ ಕೂತು ಹರಟುತ್ತಿದ್ದೆವು ಅಂತ ತಿಳಿಯಬೇಡಿ. ಕಾಕಾ ಬೆಳಗಿನಿಂದ ಸಂಜೆಯವರೆಗೆ ಆಡುತ್ತಿದ್ದದ್ದು ಬೆರಳೆಣಿಕೆಯ ಮಾತು, ಅದರಲ್ಲೂ ಅರ್ಧ ಯಂತ್ರದ ಜೊತೆಗೆ.

ನಮ್ಮದು ಹಳೆಯ ಕಾಗದ ಓದಿಸುವ ಕೆಲಸ. ತಾಲೂಕುಗಳಿಂದ ಹಳೆಯ ರಿಜಿಸ್ಟರುಗಳ ಪುಟಗಳು ಫೋಟೋ ಆಗಿ ಬರುತ್ತವೆ. ಒಂದು ಪ್ರೋಗ್ರಾಮ್ ಪುಟಪುಟವನ್ನೂ ಓದಿ ಅಕ್ಷರ ಮಾಡಿ ಇಡುತ್ತದೆ. ಕೈಬರಹ, ಮಾಸಿದ ಶಾಯಿ, ಮೇಲೆ ಚಹಾದ ಕಲೆ. ಒಂದು ತಾಲೂಕು ಮುಗಿಯಬೇಕಾದರೆ ಹತ್ತು ಹನ್ನೆರಡು ದಿನ ಹಗಲೂ ರಾತ್ರಿ ಅದು ಓಡಬೇಕು. ಓಡುವ ಯಂತ್ರ ಇಲ್ಲಿಲ್ಲ. ಅದು ಸಂಭಾಜಿನಗರದಲ್ಲಿ, ಚಿಕಲಠಾಣಾದ ಕಾರ್ಖಾನೆಗಳ ನಡುವೆ ಒಂದು ತಣ್ಣನೆಯ ಕೋಣೆಯಲ್ಲಿದೆ. ಅದನ್ನು ಮುಟ್ಟಲು ಎರಡೇ ದಾರಿ: ನಮ್ಮ ನಾಸಿಕ್ ಆಫೀಸಿನ ಲೈನಿನಿಂದ, ಇಲ್ಲವೇ ಆ ಕೋಣೆಗೇ ಹೋಗಿ ಅದರ ಮುಂದೆ ಕೂತು. ಮನೆಯಿಂದ, ಫೋನಿನಿಂದ, ಬಸ್ಸಿನಿಂದ ಆಗುವ ಮಾತಲ್ಲ. ಆಫೀಸು ನಡೆಸುವ ಸಾಹೇಬರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ.

ಆ ಲೈನೂ ಅಂಥದ್ದೇ. ಇಲ್ಲಿ ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಒಂದು ಆಕಳಿಕೆ ತೆಗೆಯಬಹುದಿತ್ತು. ಹೊತ್ತಿಲ್ಲ ಗೊತ್ತಿಲ್ಲ, ಕಡಿದುಹೋಗುತ್ತಿತ್ತು. ಇಲ್ಲಿಂದ ಸುಮ್ಮನೆ ಒಂದು ಪ್ರೋಗ್ರಾಮ್ ಶುರು ಮಾಡಿಬಿಟ್ಟರೆ, ಲೈನ್ ಕಡಿದ ಕೂಡಲೇ ಅಲ್ಲಿ ಅದೂ ಸತ್ತುಹೋಗುತ್ತದೆ. ಅದಕ್ಕೇ ಒಂದು ಉಪಾಯವಿದೆ. ಆ ಯಂತ್ರದೊಳಗೇ ಒಂದು ಕೋಣೆ ಮಾಡಿ, ಅದಕ್ಕೊಂದು ಹೆಸರಿಟ್ಟು, ಪ್ರೋಗ್ರಾಮನ್ನು ಆ ಕೋಣೆಯೊಳಗೆ ಶುರು ಮಾಡಬೇಕು. ಆಮೇಲೆ ನಾವು ಹೊರಗೆ ಬಂದರೂ, ಲೈನ್ ಹೋದರೂ, ನಮ್ಮ ಕಂಪ್ಯೂಟರ್ ಬಂದ್ ಆದರೂ ಒಳಗೆ ಕೆಲಸ ನಡೆದಿರುತ್ತದೆ. ನಾಳೆ ಬಂದು ಅದೇ ಹೆಸರು ಹೇಳಿದರೆ ಅದೇ ಕೋಣೆ ತೆರೆಯುತ್ತದೆ, ಬಿಟ್ಟುಹೋದದ್ದು ಹಾಗೇ ಇರುತ್ತದೆ. ಇದನ್ನು ನನಗೆ ಕಾಕಾ ಮೊದಲ ದಿನ ಹೇಳಿದ್ದು ಹೀಗೆ:

"ಹೊರಗ ಬರೋದು ಬ್ಯಾರೆ, ಬಂದ್ ಮಾಡೋದು ಬ್ಯಾರೆ ತಂಗಿ. ಚಿಲಕ ಹಾಕದ ಬಾಗಿಲ ಮುಂದ ಮಾಡಿ ಬರಬೇಕು, ಅಷ್ಟೇ. ಒಳಗಿನಾಂವ ತನ್ನ ಕೆಲಸ ತಾ ಮಾಡ್ಕೋತ ಇರ್ತಾನ."

ಕೋಣೆಗಳಿಗೆ ಅವರು ತಾಲೂಕಿನ ಹೆಸರನ್ನೇ ಇಡುತ್ತಿದ್ದರು. ಫೋನಿನಲ್ಲಿ ಸಾಹೇಬರಿಗೆ ಹೇಳುವಾಗ "ಸಟಾಣಾ ಮುಗೀತ್ರಿ, ಸಿಲ್ಲೋಡ್ ಇನ್ನ ನಾಕು ದಿನ ಅದ" ಎಂಬುದನ್ನೇ ಮರಾಠಿಯಲ್ಲಿ ಹೇಳುತ್ತಿದ್ದರು. ಚಹಾ ತರುತ್ತಿದ್ದವನು ಇದನ್ನು ಕೇಳಿ ಕೇಳಿ ಕಾಕಾನನ್ನು ದಲಾಲಿ ಅಂಗಡಿಯವರು ಅಂತಲೇ ತಿಳಿದಿದ್ದ. ಒಂದು ದಿನ ಬಗ್ಗಿ ಮೆಲ್ಲಗೆ "ಕಾಕಾ, ಸಟಾಣ್ಯಾತ ಕಾಂದ್ಯಾಚಾ ಭಾವ ಕಾಯ್ ಚಾಲೂ ಆಹೇ?" ಎಂದು ಈರುಳ್ಳಿ ದರ ಕೇಳಿದ. ಕಾಕಾ ಪರದೆಯಿಂದ ಕಣ್ಣು ತೆಗೆಯದೆ "ಏರಲಾಕತ್ತದ" ಅಂದರು. ಅವನಿಗೆ ಕನ್ನಡ ತಿಳಿಯಲಿಲ್ಲ, ತಿಳಿದವನ ಹಾಗೆ ತಲೆ ಆಡಿಸಿ ಹೋದ.

ಅವರಿಗೊಂದು ಅಭ್ಯಾಸವಿತ್ತು. ಏನನ್ನಾದರೂ ನಿಲ್ಲಿಸುವ, ಅಳಿಸುವ ಆಜ್ಞೆ ಬರೆದರೆ, ಕೊನೆಯ ಗುಂಡಿ ಒತ್ತುವ ಮುಂಚೆ ಎರಡೂ ಕೈ ಕೀಬೋರ್ಡಿನಿಂದ ಮೇಲೆತ್ತಿ, ಅಂಗಿಯ ಮೇಲಿಂದಲೇ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡು, ಬರೆದದ್ದನ್ನು ಇನ್ನೊಮ್ಮೆ ಓದುತ್ತಿದ್ದರು. ಹೊಸದಾಗಿ ಬಂದವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಈಗ ನನ್ನ ಕೊರಳಲ್ಲಿ ಕರಡಿಗೆ ಇಲ್ಲದಿದ್ದರೂ ಕೈ ತಾನೇ ಮೇಲೇಳುತ್ತದೆ.

ಇನ್ನೊಂದು, ಟಿಕಳಿ, ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಬಿಂದಿ. ಆಫೀಸಿಗೆ ಯಾರೇ ಹೊಸಬರು ಬಂದರೂ ಕಾಕಾ ಜೇಬಿನಿಂದ ಟಿಕಳಿಯ ಚೀಟಿ ತೆಗೆದು, ಒಂದು ಕೆಂಪು ಟಿಕಳಿ ಬಿಡಿಸಿ ಅವರ ಕೀಬೋರ್ಡಿನ ಸಿ ಅಕ್ಷರದ ಮೇಲೆ ಅಂಟಿಸುತ್ತಿದ್ದರು. ಕಾರಣ ಇತ್ತು. ಬೇರೆ ಎಲ್ಲ ಕಡೆ ಕಂಟ್ರೋಲ್ ಜೊತೆ ಸಿ ಒತ್ತಿದರೆ ಬರೆದದ್ದು ನಕಲಾಗುತ್ತದೆ. ಹುಟ್ಟಿದಾಗಿನಿಂದ ನಮ್ಮ ಬೆರಳು ಕಲಿತದ್ದು ಅದೇ. ಆ ಕಪ್ಪು ಪರದೆಯಲ್ಲಿ ಮಾತ್ರ ಅದನ್ನೇ ಒತ್ತಿದರೆ, ಓಡುತ್ತಿರುವ ಪ್ರೋಗ್ರಾಮ್ ಅಲ್ಲಿಗೇ ನಿಲ್ಲುತ್ತದೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಟಿಕಳಿ ಅವರ ಹೆಂಡತಿಯದು, ಕನ್ನಡಿಯ ಪಕ್ಕದಿಂದ ಎತ್ತಿ ತಂದದ್ದು. ನನಗೂ ಅಂಟಿಸಿದರು. ವಾರ ಕಳೆಯುವುದರೊಳಗೆ ಪಕ್ಕದ ಮೇಜಿನವರು "ಮ್ಯಾಡಮ್, ಕೀಬೋರ್ಡಿಗೆ ಮುತ್ತೈದೆತನ ಬಂತಾ" ಅಂತ ಮರಾಠಿಯಲ್ಲಿ ಚಾಷ್ಟಿ ಮಾಡಿದರು. ನಾನು ಅದನ್ನು ಉಗುರಿನಿಂದ ಕಿತ್ತು ಎಸೆದೆ. ಕಾಕಾ ನೋಡಿದರು.

ಅವರ ಹೆಂಡತಿ, ನಮ್ಮೆಲ್ಲರ ಕಾಕು, ಸಂಭಾಜಿನಗರದಲ್ಲಿ ಶಾಲೆಯ ಟೀಚರ್. ಕಾಕಾ ನಾಸಿಕ್‌ನಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಇಬ್ಬರಿಗೂ ಬದಲಿ ಕೆಲಸ ಸಿಗಲಿಲ್ಲ, ಸಿಗುತ್ತದೆ ಸಿಗುತ್ತದೆ ಅನ್ನುತ್ತ ಹದಿನೈದು ವರ್ಷ ಹೋಯಿತು. ಶನಿವಾರ ಸಂಜೆ ನಿಫಾಡ, ಯೇವಲಾ, ವೈಜಾಪುರ ದಾಟಿ ಎಸ್‌ಟಿ ಬಸ್ಸಿನಲ್ಲಿ ಹೋಗುವುದು. ಸೋಮವಾರ ನಸುಕಿನ ಬಸ್ಸಿಗೆ ಹತ್ತಿ ನೇರ ಆಫೀಸಿಗೆ ಬರುವುದು. ಸೋಮವಾರ ಅವರ ಅಂಗಿಯ ಬೆನ್ನು ಸೀಟಿನ ಗೆರೆ ಮೂಡಿ ಸುಕ್ಕಾಗಿರುತ್ತಿತ್ತು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಕಡಕ್ ರೊಟ್ಟಿಯ ಗಂಟು, ಒಂದು ಡಬ್ಬಿ ಶೇಂಗಾ ಹಿಂಡಿ. ಆ ರೊಟ್ಟಿ ವಾರವಿಡೀ. ಗುರುವಾರದ ಹೊತ್ತಿಗೆ ಚೂರಷ್ಟೇ ಉಳಿದಿರುತ್ತಿತ್ತು. ಅದನ್ನೇ ಮೊಸರಿಗೆ ಹಾಕಿ ತಿನ್ನುತ್ತಿದ್ದರು.

ಒಮ್ಮೆ ಕೇಳಿದೆ: "ಕಾಕಾ, ಅಲ್ಲಿ ಹೋದಾಗ ಯಂತ್ರ ಹ್ಯಾಂಗದ ಅಂತ ಒಮ್ಮೆರೆ ನೋಡಿ ಬರ್ತೀರೇನ್ರಿ?"

"ಏ, ಅದನ್ನ ಇಲ್ಲಿಂದ ದಿನಾ ನೋಡತೀನಿ. ಅಲ್ಲಿ ಹೋದಮ್ಯಾಲೆ ಅಕಿನ್ನ ನೋಡಬೇಕವ್ವಾ," ಅಂದರು. ನಗಲಿಲ್ಲ. ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ಅಂತ ಎಂದೂ ತಿಳಿಯುತ್ತಿರಲಿಲ್ಲ.

ಈಗ ಆ ಸಿಲ್ಲೋಡಿನ ಕತೆ. ಅದಾಗಿ ಆರೇಳು ವರ್ಷ. ನಾನು ಕೆಲಸಕ್ಕೆ ಸೇರಿ ಮೂರನೇ ತಿಂಗಳು, ನೌಕರಿ ಇನ್ನೂ ಪಕ್ಕಾ ಆಗಿರಲಿಲ್ಲ. ಸಿಲ್ಲೋಡ್ ತಾಲೂಕಿನ ಕಟ್ಟು ಹದಿನಾಲ್ಕನೇ ದಿನಕ್ಕೆ ಕೊಡಬೇಕೆಂದು ಸಾಹೇಬರು ಮಾತು ಕೊಟ್ಟಿದ್ದರು. ಕೆಲಸ ಹನ್ನೆರಡು ದಿನದ್ದು. ಎಂಟನೇ ದಿನ ಕಾಕಾ ರಜೆ ಹಾಕಿದರು. ಕಾಕುಗೆ ಬೆನ್ನಿನ ಆಪರೇಶನ್. ಮತ್ತೆ ನಡೆಯುತ್ತಾರೋ ಇಲ್ಲವೋ ಎಂಬ ಹೆದರಿಕೆ ಎಲ್ಲರಿಗೂ ಇತ್ತು. ಹೊರಡುವ ಸಂಜೆ ಕಾಕಾ ಸಿಲ್ಲೋಡ್ ಕೋಣೆಯನ್ನು ನನ್ನ ಕೈಗೆ ಒಪ್ಪಿಸಿದರು.

"ದಿನಾ ಒಮ್ಮೆ ಒಳಗ ಹೋಗು, ಅಂಕಿ ನೋಡು, ಬಾಗಿಲ ಮುಂದ ಮಾಡಿ ಬಾ. ಮತ್ತೇನೂ ಮುಟ್ಟಬ್ಯಾಡ. ನಾ ಫೋನ್ ಮಾಡ್ತೀನಿ." ಚೀಲ ಹೆಗಲಿಗೆ ಹಾಕಿಕೊಂಡವರು ಬಾಗಿಲಲ್ಲಿ ನಿಂತರು. ತಾವಾಗಿ ಮನೆಯ ಮಾತು ತೆಗೆದದ್ದು ಅದೇ ಮೊದಲು. "ಅಕಿ ಈ ಮೂವತ್ತು ವರ್ಷದಾಗ ನನಗ ಏನೂ ಕೇಳಿಲ್ಲ ತಂಗಿ. ಈಗ ಒಂದೇ ಮಾತು ಕೇಳ್ಯಾಳ. ಎಚ್ಚರ ಆಗಿ ಕಣ್ಣು ತೆರದಾಗ ಎದುರಿಗಿರ್ರಿ ಅಂದಾಳ. ಅದಕ್ಕ ಹೋಗಲಾಕತ್ತೀನಿ."

ಆಗಲಿ ಕಾಕಾ, ನಾ ನೋಡ್ಕೋತೀನಿ ಅಂದೆ. ಎಷ್ಟು ಸಲೀಸಾಗಿ ಅಂದೆ.

ಒಂಬತ್ತನೇ ದಿನ ಮಧ್ಯಾಹ್ನ ಸಾಹೇಬರು ಸಿಲ್ಲೋಡ್ ಎಲ್ಲಿಗೆ ಬಂತು, ಬರೆದು ಕಳಿಸಿ ಅಂದರು. ಒಳಗೆ ಹೋದೆ. ಪರದೆಯ ಮೇಲೆ ಉದ್ದನೆಯ ಒಂದು ಸಾಲು: ಎಷ್ಟು ಪುಟ ಆಯಿತು, ಎಷ್ಟು ಉಳಿಯಿತು. ಕೈಯಿಂದ ಬರೆಯುವುದು ಬೇಸರ. ಮೌಸಿನಿಂದ ಆ ಸಾಲನ್ನು ಎಳೆದು ಹಿಡಿದು, ಕಂಟ್ರೋಲ್ ಜೊತೆ ಸಿ ಒತ್ತಿದೆ.

ಒಂದು ಆಕಳಿಕೆಯಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಅಂಕಿ ನಿಂತಿತು. ಕೆಳಗೆ ಖಾಲಿ ಸಾಲಿನಲ್ಲಿ ಗೀಟು ಮಿಣುಕತೊಡಗಿತು.

ಒಂಬತ್ತು ದಿನದ ಕೆಲಸ ಒಂದು ಗುಂಡಿಗೆ ಹೋಯಿತು ಅಂದುಕೊಂಡೆ. ನನಗೆ ತಿಳಿದಿದ್ದ ಒಂದೇ ಆಜ್ಞೆ ಮತ್ತೆ ಬರೆದೆ. ಅದು ಒಂದನೇ ಪುಟದಿಂದ ಓಡತೊಡಗಿತು. ಹನ್ನೆರಡು ದಿನ ಬೇಕು, ಇರುವುದು ಐದು. ಕಾಕಾಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ನಾಳೆ ಆಪರೇಶನ್, ಅವರಿಗೆ ಯಾಕೆ ತ್ರಾಸು ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೌಕರಿ ಹೋಗುತ್ತದೆ ಅಂತ ಹೆದರಿದ್ದೆ, ಟಿಕಳಿ ಕಿತ್ತದ್ದು ನೆನಪಾಗಿ ನಾಚಿಕೆಯಾಗಿತ್ತು. ಮನೆಗೆ ಹೋಗುವ ದಾರಿಯಲ್ಲಿ ತ್ರ್ಯಂಬಕೇಶ್ವರನಿಗೆ ಹರಕೆ ಹೊತ್ತೆ.

ಮರುದಿನ ಬೆಳಗ್ಗೆ ಹತ್ತರ ಸುಮಾರಿಗೆ ಕಾಕಾನ ಫೋನ್ ಬಂತು. ಹಿಂದೆ ಆಸ್ಪತ್ರೆಯ ಗದ್ದಲ. "ಒಳಗ ಒಯ್ದಾರ ಅಕಿನ್ನ," ಅಂದರು. ಆಮೇಲೆ, "ಸಿಲ್ಲೋಡ್ ಎಲ್ಲಿಗೆ ಬಂತು ನೋಡಿ ಹೇಳು ತಂಗಿ."

ನಾನು ರಾತ್ರಿಯೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದ ಅಂಕಿಯನ್ನು ಥಟ್ಟನೆ ಹೇಳಿದೆ. ನಿಲ್ಲದೇ ನಡೆದಿದ್ದರೆ ಎಲ್ಲಿಗೆ ಬರಬೇಕಿತ್ತೋ ಆ ಅಂಕಿ.

"ನಡದದಲ್ಲ?" ಅಂದರು.

"ನಡದದ್ರಿ ಕಾಕಾ."

"ಆತು," ಅಂದು ಇಟ್ಟರು.

ಅವತ್ತು ಮಧ್ಯಾಹ್ನ ಮೂರಕ್ಕೆ ಒಳಗೆ ಹೋಗಿ ನೋಡಿದರೆ ಅಂಕಿ ಸಾವಿರಗಟ್ಟಲೆ ಮುಂದೆ ಜಿಗಿದಿತ್ತು. ನಿನ್ನೆ ನಾನು ನಿಲ್ಲಿಸಿದ್ದ ಪುಟವನ್ನೂ ದಾಟಿ ಆರಾಮಾಗಿ ಏರುತ್ತಿತ್ತು. ಕಣ್ಣುಜ್ಜಿಕೊಂಡು ನೋಡಿದೆ. ಯಾರನ್ನೂ ಏನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಹಿಂದಕ್ಕೆ ಹೋಗಿಬಿಡುತ್ತದೋ ಅನ್ನುವ ಹಾಗೆ ಬಾಯಿ ಮುಚ್ಚಿಕೊಂಡೆ. ಹದಿಮೂರನೇ ದಿನ ಸಿಲ್ಲೋಡ್ ಮುಗಿಯಿತು. ಸಾಹೇಬರು ಪೇಡೆ ಹಂಚಿದರು. ನಾನು ಶೇರ್ ಜೀಪಿನಲ್ಲಿ ಹತ್ತು ಜನರ ನಡುವೆ ಸಿಕ್ಕಿಕೊಂಡು ತ್ರ್ಯಂಬಕೇಶ್ವರಕ್ಕೆ ಹೋಗಿ, ಮೂರು ತಾಸು ಸಾಲಿನಲ್ಲಿ ನಿಂತು, ಕಾಯಿ ಒಡೆಸಿ ಬಂದೆ.

ಕಾಕಾ ರಜೆ ಮುಗಿಸಿ ಬಂದ ದಿನ ಅವರ ಮೇಜಿನ ಮೇಲೆ ಪ್ರಸಾದ ಇಟ್ಟೆ. ಕಾಕು ಹ್ಯಾಂಗದಾರ ಅಂತ ಕೇಳಿದೆ. "ಹೆಜ್ಜೆ ಇಡಲಾಕತ್ತಾಳ," ಅಂದರು. ಪ್ರಸಾದ ಎಲ್ಲಿಯದು ಅಂತ ಕೇಳಿದರು, ಹೇಳಿದೆ. ಕೊಬ್ಬರಿ ಚೂರನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿ, ನಿಧಾನಕ್ಕೆ ಅಗಿದು, "ದೇವರು ದೊಡ್ಡಾಂವ ತಂಗಿ," ಅಂದರು. ಆಮೇಲೆ ಎದ್ದು ನನ್ನ ಮೇಜಿಗೆ ಬಂದು, ಜೇಬಿನಿಂದ ಟಿಕಳಿಯ ಚೀಟಿ ತೆಗೆದು, ಸಿ ಅಕ್ಷರದ ಮೇಲೆ ಒಂದು ಹೊಸ ಟಿಕಳಿ ಅಂಟಿಸಿ ಬೆರಳಿನಿಂದ ಒತ್ತಿದರು. ತಮ್ಮ ಜಾಗಕ್ಕೆ ಹೋಗಿ ಕೂತರು.

ಅವರಿಗೆಲ್ಲ ಗೊತ್ತು ಅಂತ ನನಗೆ ಆಗಲೇ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ಮರುದಿನ ಅವರು, ಪಾಠದ ನಡುವೆ ಸಹಜವಾಗಿ ನೆನಪಾಯಿತು ಅನ್ನುವ ಹಾಗೆ, ಇನ್ನೊಂದು ಆಜ್ಞೆ ತೋರಿಸಿದರು. "ನಡುವ ನಿಂತ್ರ ಮೊದಲಿಂದ ಸುರು ಮಾಡೋದು ಬ್ಯಾಡ. ಓದಿದ ಪುಟ ಎಲ್ಲಿಗೂ ಹೋಗಂಗಿಲ್ಲ, ಹಾಂಗೇ ಇರ್ತಾವ. ಇದನ್ನ ಬರದ್ರ ನಿಂತಲ್ಲಿಂದ ನಡೀತದ." ಒಂದು ಸಾಲಿನ ಆಜ್ಞೆ. ಫೋನಿನಲ್ಲಿ ಹೇಳಿ ಬರೆಸಿದರೆ ಹತ್ತು ನಿಮಿಷದ ಕೆಲಸ. ನಾನು ಆ ಸಾಲನ್ನು ನೋಟ್‌ಬುಕ್ಕಿಗೆ ಬರೆದುಕೊಂಡೆ. ಅವರು ಅದನ್ನು ಎಲ್ಲಿಂದ, ಹೇಗೆ ಸರಿ ಮಾಡಿದರು ಅಂತ ಕೇಳುವ ಧೈರ್ಯ ಅವತ್ತೂ ಬರಲಿಲ್ಲ, ಅವರು ನಿವೃತ್ತರಾದ ದಿನವೂ ಬರಲಿಲ್ಲ. ಅಲ್ಲಿ ಪರಿಚಯದವರು ಯಾರೋ ಇದ್ದಾರು, ಫೋನಿನಲ್ಲಿ ಹೇಳಿ ಮಾಡಿಸಿದ್ದಾರು ಅಂತ ಅಂದುಕೊಂಡು ಸುಮ್ಮನಾದೆ. ಬೇಕಾದ್ದನ್ನು ಅಂದುಕೊಳ್ಳುವುದಕ್ಕೆ ಕಷ್ಟವೇನಿಲ್ಲ.

ನಿವೃತ್ತರಾದ ದಿನ ಕಾಕಾ ಭಾಷಣ ಮಾಡಲಿಲ್ಲ. ಹಾರ ಹಾಕಿಸಿಕೊಂಡು, ಪೇಟಾ ಸುತ್ತಿಸಿಕೊಂಡು, ಹಾಗೆಯೇ ಬಂದು ಪರದೆಯ ಮುಂದೆ ಕೂತು ಓಡುತ್ತಿದ್ದ ಎರಡು ಕೋಣೆಗಳನ್ನು ನೋಡಿದರು. ಎದ್ದು ಹೋದರು. ಮೂರು ವರ್ಷ ಹೆಂಡತಿಯ ಜೊತೆ ಒಂದೇ ಊರಿನಲ್ಲಿ ಇದ್ದರು. ಅಷ್ಟೇ ಸಿಕ್ಕಿತು ಅವರಿಗೆ.

ಹೋದ ಭಾನುವಾರ ನಾನು ಸಂಭಾಜಿನಗರಕ್ಕೆ ಹೋದೆ. ಕಾಕಾ ಓಡಾಡಿದ ಅದೇ ಬಸ್ಸಿನ ದಾರಿ. ಐದು ತಾಸು ಕೂತು ನನ್ನ ಸೊಂಟ ಹಿಡಿಯಿತು. ಇದನ್ನು ಅವರು ವಾರಕ್ಕೆರಡು ಸಲದಂತೆ ಹದಿನೈದು ವರ್ಷ ಹೇಗೆ ಮಾಡಿದರೋ.

ಕಾಕು ಗೋಡೆಗೆ ದಿಂಬು ಇಟ್ಟು ಮಂಚದ ಮೇಲೆ ಕೂತಿದ್ದರು. ಕೈಕೋಲು ಪಕ್ಕದಲ್ಲಿ. ಹಣೆಯಲ್ಲಿ ವಿಭೂತಿ ಮಾತ್ರ. ಕನ್ನಡಿಯ ಅಂಚಿನಲ್ಲಿ ಹಳೆಯ ಟಿಕಳಿಗಳು ಇನ್ನೂ ಹಾಗೇ ಅಂಟಿದ್ದವು. ಅವರ ತಮ್ಮನ ಹೆಂಡತಿ ಚಹಾ ತಂದುಕೊಟ್ಟು ಒಳಗೆ ಹೋದರು. ನಾನು ಕಾಕಾನ ಗುಣ ಹೇಳತೊಡಗಿದೆ. ಎಷ್ಟು ತಾಳ್ಮೆ, ಎಷ್ಟು ಒಳ್ಳೆಯವರು, ಸಾವಿನ ಮನೆಯಲ್ಲಿ ಹೇಳುವ ಮಾತುಗಳು. ಕಾಕು ಕೇಳುವಷ್ಟು ಕೇಳಿದರು.

"ಒಳ್ಳೇವ್ರೇ ಇದ್ರು ಬಿಡವ್ವಾ," ಅಂದರು. "ಖರೆ ಒಂದು ಮಾತು ನನ್ನ ಮನಸ್ಸಿನಾಗಿಂದ ಹೋಗಲಿಲ್ಲ. ಆಪರೇಶನ್ ದಿನ ನಾ ಕಣ್ಣು ತೆರದಾಗ ಅವರು ಇರಲಿಲ್ಲ. ನಮ್ಮ ತಮ್ಮ ನಿಂತಿದ್ದ. ಎಲ್ಲ್ಯದಾರಪ್ಪಾ ಅಂದ್ರ, ಮಷಿನ್ ನೋಡಲಾಕ ಚಿಕಲಠಾಣಾಕ್ಕ ಹೋಗ್ಯಾರ ಅಂದ. ನನ್ನ ಒಳಗ ಒಯ್ದ ಮ್ಯಾಲೆ ಆಫೀಸಿಗೆ ಫೋನ್ ಮಾಡಿದ್ರಂತ. ಫೋನ್ ಇಟ್ಟು, ಈ ಹುಡುಗಿ ನೋಡದೇ ಹೇಳ್ಯಾಳ, ಆ ಲೈನ್ ಇಷ್ಟ್ ಲಗೂ ಉತ್ತರ ಕೊಡಂಗಿಲ್ಲ ಅಂದ್ರಂತ. ಆಟೋ ಹಿಡದು ಹೋದ್ರಂತ. ಅಲ್ಲಿ ಕಾವಲುಗಾರ ಒಳಗ ಬಿಡಲಿಕ್ಕೇ ಮೂರು ತಾಸು ಮಾಡಿದ್ನಂತ. ಹೊಳ್ಳಿ ಬಂದಾಗ ಸಂಜಿ ಆಗಿತ್ತು. ಯಾಕ ಹೋಗಿದ್ರಿ ಅಂದ್ರ, ಕೆಲಸಿತ್ತು ಅಂದ್ರು. ಅಷ್ಟೇ. ಮುಂದ ಎಷ್ಟು ಸಲ ಕೇಳಿದ್ರೂ ಅಷ್ಟೇ."

ನನ್ನ ಕೈಯಲ್ಲಿ ಚಹಾದ ಬಟ್ಟಲಿತ್ತು. ಅದನ್ನು ನೆಲದ ಮೇಲಿಟ್ಟೆ.

"ಮೂವತ್ತು ವರ್ಷದಾಗ ಒಂದೇ ಕೇಳಿದ್ದೆ," ಅಂದರು ಕಾಕು. "ನಾ ಸತ್ತೀನೋ ಬದುಕೀನೋ ನೋಡೋದು ಬಿಟ್ಟು ಆ ಮಷಿನ್ ನೋಡಲಾಕ ಹೋದ್ರಲ್ಲ, ಅದರಾಗ ಅಂಥಾದ್ದೇನಿತ್ತು, ನಿನಗೇನರೆ ಗೊತ್ತದೇನು?"

ಗೊತ್ತಿಲ್ಲ ಅನ್ನಬಹುದಿತ್ತು. ಅಷ್ಟು ವರ್ಷ ಅದನ್ನೇ ಮಾಡಿದವಳು ನಾನು. "ಆ ಹುಡುಗಿ ನಾನೇರಿ ಕಾಕು," ಅಂದೆ. ಎಲ್ಲ ಹೇಳಿದೆ. ಟಿಕಳಿ ಕಿತ್ತದ್ದು, ಆ ಗುಂಡಿ ಒತ್ತಿದ್ದು, ಮೊದಲಿಂದ ಶುರು ಮಾಡಿದ್ದು, ಲೆಕ್ಕ ಹಾಕಿ ಸುಳ್ಳು ಅಂಕಿ ಹೇಳಿದ್ದು, ತ್ರ್ಯಂಬಕನಿಗೆ ಕಾಯಿ ಒಡೆಸಿದ್ದು. ಕಾಕಾ ಹೋಗದಿದ್ದರೆ ಸಿಲ್ಲೋಡ್ ಮುಗಿಯುತ್ತಿರಲಿಲ್ಲ, ನನ್ನ ನೌಕರಿ ಉಳಿಯುತ್ತಿರಲಿಲ್ಲ ಅಂತಲೂ ಹೇಳಿದೆ. ನನ್ನ ಹೆಸರು ಹೊರಗೆ ಬರಬಾರದು ಅಂತ ಕಾಕಾ ಮನೆಯಲ್ಲೂ ಹೇಳದೆ ಉಳಿದರು, ಅದೂ ನನಗೆ ಈಗ ಗೊತ್ತಾಗುತ್ತಿತ್ತು. ಅಳು ಆಗ ಬಂತು.

ಕಾಕು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು.

"ಅದು ಎಷ್ಟೊತ್ತಿನ ಕೆಲಸಿತ್ತು?" ಕೊನೆಗೆ ಕೇಳಿದರು.

"ನಾ ಫೋನಿನಾಗ ಖರೆ ಹೇಳಿದ್ರ ಹತ್ತು ಮಿನಿಟಿಂದ್ರಿ."

"ಹೇಳಬೇಕಾಗಿತ್ತಲ್ಲ ತಂಗಿ," ಅಂದರು. ಸಿಟ್ಟಿರಲಿಲ್ಲ, ದಣಿವಿತ್ತು. "ಹಿಂದಿನ ದಿನ ಪೂರಾ ನನ್ನ ಮಗ್ಗಲದಾಗೇ ಕುಂತಿದ್ರು. ಫೋನ್ ನನ್ನ ದಿಂಬಿನ ಬಾಜೂಕೇ ಇತ್ತು."

ಮೂರೂವರೆಯ ಬಸ್ಸಿತ್ತು. ಎದ್ದು ಅವರ ಕಾಲಿಗೆ ನಮಸ್ಕಾರ ಮಾಡಿದೆ. ತಲೆಯ ಮೇಲೆ ಕೈ ಇಡುತ್ತಾರೋ ಇಲ್ಲವೋ ಅಂತ ಕಾದೆ. ಇಡಲಿಲ್ಲ. ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿ, ಬಾಗಿಲ ಚಿಲಕಕ್ಕೆ ಕೈ ಹಾಕಿದಾಗ ಒಳಗಿನಿಂದ ಧ್ವನಿ ಬಂತು.

"ಚಿಲಕ ಹಾಕಬ್ಯಾಡ. ನನಗ ಎದ್ದು ತೆಗೀಲಾಕ ಆಗಂಗಿಲ್ಲ. ಬರೇ ಮುಂದ ಮಾಡಿ ಹೋಗು, ಮತ್ತ ಬಂದಾಗ ನೂಕಿ ಬಂದ್ರಾತು."

ನಾನು ಬಾಗಿಲು ಮುಂದೆ ಮಾಡಿ ಬಂದೆ.